ಪ್ರಾರ್ಥನೆಗೆ ದಾರಿ ತೋರಿಸುವವರು ಯಾರು?

ಜೆಸ್ವಿಟ್ ಪಾದ್ರಿ ಆಂಥೊನಿ ಡಿ ಮೆಲ್ಲೊ ಅವರ ಸಾಧನಾ ಸಂಸ್ಥೆ ನಡೆದದ್ದು ಲೋಣಾವಳದಲ್ಲಿ. ಉಸಿರು, ಮೌನಗಳನ್ನು ಕ್ರೈಸ್ತ ಪ್ರಾರ್ಥನೆಗೆ ಬೆಸೆದ ಅವರು 1987ರಲ್ಲಿ ತೀರಿಕೊಂಡರು. 1998ರಲ್ಲಿ ವ್ಯಾಟಿಕನ್ ಅವರ ಕೆಲವು ಬರಹಗಳ ಬಗ್ಗೆ ಎಚ್ಚರಿಸಿತು. ಆಕ್ಷೇಪವಿದ್ದದ್ದು ದೇವರ ಕುರಿತ ವಿಚಾರಗಳಿಗೆ, ಮೌನಕ್ಕಲ್ಲ. 1782ರಲ್ಲಿ ವೆನಿಸ್‌ನಲ್ಲಿ ಅಚ್ಚಾದ, ಆರ್ಥೊಡಾಕ್ಸ್ ಕ್ರೈಸ್ತರ ಪ್ರಾರ್ಥನಾ ಬರಹಗಳ ಸಂಕಲನ ‘ಫಿಲೊಕಾಲಿಯ’ದಲ್ಲೂ ಉಸಿರಿನೊಡನೆ ಯೇಸುನಾಮ ಜಪವಿದೆಯಲ್ಲ! ಆದರೆ ಆ ಪರಂಪರೆ, ಮೊದಲು ಅನುಭವಿ ಹಿರಿಯರನ್ನು ಹುಡುಕು ಎನ್ನುತ್ತದೆ. 1548ರಲ್ಲಿ ಪೋಪ್ ಒಪ್ಪಿಗೆ ಪಡೆದ, ಜೆಸ್ವಿಟ್ ಸಂಸ್ಥಾಪಕ ಲೊಯೋಲಾದ ಇಗ್ನೇಷಿಯಸರ ಸಾಧನಾ ಕೈಪಿಡಿಯಂತೂ, ಸಾಧಕನನ್ನು ಇಂಥದೇ ನಿರ್ಧಾರಕ್ಕೆ ತಳ್ಳಬೇಡ ಎಂದು ಮಾರ್ಗದರ್ಶಕನಿಗೇ ಕಡಿವಾಣ ಹಾಕುತ್ತದೆ.

ದೇವರಿಗೂ ನನಗೂ ನಡುವೆ ಇನ್ನೊಬ್ಬರು ಯಾಕೆ? ದಿನನಿತ್ಯದ ಪ್ರಾರ್ಥನೆಗೆ ಖಂಡಿತ ಬೇಡ. ದಿನಗಟ್ಟಲೆ ಮೌನ, ಉಸಿರಿನ ಕಟ್ಟುನಿಟ್ಟಿನ ಅಭ್ಯಾಸ ಶುರುವಾದಾಗ ಮಾತ್ರ, ನಿದ್ದೆಗೆಟ್ಟರೆ, ಭಯ ಹಿಡಿದರೆ ‘ಸಾಕು, ಡಾಕ್ಟರನ್ನು ಕಾಣು’ ಎನ್ನುವವರು ಬೇಕು. ಆ ಗುರುವೇ ಕೆಟ್ಟವನಾದರೆ? ಇದು ಗಟ್ಟಿ ಪ್ರಶ್ನೆ. ಮಠದ ಮೇಲಧಿಕಾರಿ ತನ್ನವರನ್ನು ಅಂತರಂಗ ಬಿಚ್ಚಲು ಒತ್ತಾಯಿಸಕೂಡದು ಎಂದು ಕಥೋಲಿಕ ಸಭೆಯ 1983ರ ಕಾನೂನು ಸಂಹಿತೆಯ 630ನೇ ಕಲಂ ಹೇಳುತ್ತದೆ. ಗೃಹಸ್ಥರಿಗೂ ಇದೇ ಅಳತೆ ಸಾಕು. ಗುಟ್ಟು ಕೆದಕಿ, ‘ಬೇರೆಯವರ ಹತ್ತಿರ ಹೋಗಬೇಡ’ ಎನ್ನುವವರಿಂದ ಎದ್ದು ಬನ್ನಿ. ಅವರು ಯಾರಿಗೆ ಉತ್ತರ ಕೊಡಬೇಕಾದವರು ಎಂಬುದನ್ನು ಮೊದಲೇ ವಿಚಾರಿಸಿ.