ಮರದ ಚೌಕಟ್ಟಿನ ಮನೆಗಳ ಬಾಳಿಕೆ

ಜರ್ಮನಿಯ ಹಾರ್ಟ್ಸ್ ಬೆಟ್ಟಸಾಲಿನ ಉತ್ತರದ ಅಂಚಿನಲ್ಲಿರುವ ಕ್ವೆಡ್ಲಿನ್‌ಬುರ್ಗ್ ಪಟ್ಟಣವು 1994ರಲ್ಲಿ ಯುನೆಸ್ಕೊದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿ ಮರದ ಚೌಕಟ್ಟಿನ ಮನೆಗಳು ಸಾವಿರಕ್ಕೂ ಹೆಚ್ಚಿದ್ದು, ಅವುಗಳಲ್ಲಿ ಒಂದು 14ನೆಯ ಶತಮಾನದಷ್ಟು ಹಳೆಯದು. ಇಂತಹ ಮನೆಯಲ್ಲಿ ಭಾರ ಹೊರುವುದು ಗೋಡೆಯಲ್ಲ. ಕಂಬ, ತೊಲೆ ಮತ್ತು ಓರೆಯಾಗಿ ಕೊಟ್ಟ ಆಸರೆಮರಗಳನ್ನು ಮರದ ಬೆಣೆಗಳಿಂದ ಬಿಗಿದು ಮಾಡಿದ ಚೌಕಟ್ಟು. ನಡುವಿನ ತೆರಪುಗಳಿಗೆ ಕಡ್ಡಿಗಳ ತಡಿಕೆ ಹೆಣೆದು, ಹುಲ್ಲು ಕಲಸಿದ ಜೇಡಿಮಣ್ಣನ್ನು ಮೆತ್ತುವುದು ಹಳೆಯ ರೂಢಿ.

ಇಂತಹ ಚೌಕಟ್ಟಿನ ಮರ ಇಂಗಾಲದ ಉಗ್ರಾಣವೂ ಹೌದು. ಬೆಳೆಯುವ ಮರವು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುವುದರಿಂದ ಒಣಮರದ ತೂಕದಲ್ಲಿ ಸುಮಾರು ಅರ್ಧದಷ್ಟು ಇಂಗಾಲವೇ ಇರುತ್ತದೆ. 500 ಕಿಲೋ ತೂಗುವ ಒಂದು ಘನ ಮೀಟರ್ ಮರದಲ್ಲಿ ಸುಮಾರು 900 ಕಿಲೋ ಡೈಆಕ್ಸೈಡಿಗೆ ಸಮನಾದ ಇಂಗಾಲ ಅಡಗಿರುತ್ತದೆ. ಸಿಮೆಂಟಿನ ಸ್ಥಿತಿ ಇದಕ್ಕೆ ತಿರುಗುಮುರುಗು: ಸುಣ್ಣಕಲ್ಲನ್ನು ಸುಡುವಾಗ ಕಲ್ಲಿನೊಳಗಿನ ಡೈಆಕ್ಸೈಡೇ ಹೊರಬರುವುದರಿಂದ, ಗೂಡಿನ ಉರುವಲನ್ನು ಬದಲಿಸಿದರೂ ಆ ಹೊಗೆ ಪೂರ್ತಿ ತಪ್ಪುವುದಿಲ್ಲ. ಆದರೆ ಕಡಿದ ಕಾಡನ್ನು ಮತ್ತೆ ಬೆಳೆಸದಿದ್ದರೆ, ಅಥವಾ ಹೊಸ ಮರ ಬಲಿಯುವ ಮೊದಲೇ ಮನೆಯನ್ನು ಕೆಡವಿ ಸುಟ್ಟರೆ, ಮರದ ಪರವಾದ ಈ ಲೆಕ್ಕ ತಲೆಕೆಳಗಾಗುತ್ತದೆ. ಆದ್ದರಿಂದ ಮನೆ ಎಷ್ಟು ಕಾಲ ನಿಲ್ಲುತ್ತದೆ ಎಂಬುದೇ ಇಲ್ಲಿ ಮುಖ್ಯವಾದ ಪ್ರಶ್ನೆ.

ಮರಕ್ಕೆ ದೊಡ್ಡ ಶತ್ರು ಒಳಗೆ ಸಿಕ್ಕಿಬಿದ್ದ ತೇವ. ಬಡಗಿಗಳು ಚೌಕಟ್ಟನ್ನು ಕಲ್ಲಿನ ಜಗತಿಯ ಮೇಲೆ ಕೂರಿಸಿ, ಸೂರನ್ನು ಮುಂದಕ್ಕೆ ಚಾಚಿ ಮಳೆಯನ್ನು ದೂರವಿಡುತ್ತಿದ್ದರು. ಒದ್ದೆಯಾದರೂ ಮಣ್ಣು ಮತ್ತು ಸುಣ್ಣದ ಗೋಡೆ ಬೇಗ ಆರುತ್ತಿತ್ತು. 20ನೆಯ ಶತಮಾನದಲ್ಲಿ ಯುರೋಪಿನ ಅನೇಕ ಹಳೆಯ ಮನೆಗಳಿಗೆ ದುರಸ್ತಿಯ ಹೆಸರಿನಲ್ಲಿ ಸಿಮೆಂಟ್ ಗಾರೆ ಬಳಿದದ್ದು ದೊಡ್ಡ ಅನಾಹುತವೆಂದೇ ಹೇಳಬೇಕು. ಗಾರೆಯ ಸಣ್ಣ ಬಿರುಕುಗಳಿಂದ ಒಳಹೊಕ್ಕ ನೀರು ಹೊರಬರಲು ದಾರಿಯಿಲ್ಲದೆ, ಶತಮಾನಗಳನ್ನು ಕಂಡ ತೊಲೆಗಳು ಕೆಲವೇ ದಶಕಗಳಲ್ಲಿ ಕೊಳೆತುಹೋದವು.

ಹೀಗೆ ಕೆಟ್ಟರೂ ಇಡೀ ಮನೆಯನ್ನು ಕೆಡವಬೇಕಿಲ್ಲ ಎಂಬುದು ಈ ಪದ್ಧತಿಯ ಹಿರಿಮೆ. ಕಂಬದ ಬುಡ ಕೊಳೆತಿದ್ದರೆ ಮೇಲಿನ ಭಾರಕ್ಕೆ ತಾತ್ಕಾಲಿಕ ಆಸರೆ ಕೊಟ್ಟು, ಕೆಟ್ಟಷ್ಟನ್ನೇ ಕೊಯ್ದು, ಅದೇ ಜಾತಿಯ ಹೊಸ ಮರದ ತುಂಡನ್ನು ಓರೆಯಾಗಿ ಬೆಸೆದು ಬೆಣೆ ಹೊಡೆಯುತ್ತಾರೆ. ಸೇರುವೆಗಳ ಮೇಲೆ ಹಿಂದಿನ ಬಡಗಿಗಳು ಕೊರೆದಿಟ್ಟ ಗುರುತುಸಂಖ್ಯೆಗಳು ಇಂದಿಗೂ ಕಾಣಸಿಗುತ್ತವೆ. ಅವುಗಳ ನೆರವಿನಿಂದ ಚೌಕಟ್ಟನ್ನು ಬಿಚ್ಚಿ ಬೇರೊಂದು ನಿವೇಶನದಲ್ಲಿ ಹಾಗೆಯೇ ಎಬ್ಬಿಸಬಹುದು.