ತುಕ್ಕು ಹಿಡಿಯದ ಉಕ್ಕಿನ ಕೊಳವೆಗಳು: ಗುಣದೋಷ ವಿಚಾರ

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳಲ್ಲಿ ಭತ್ತ, ಕಬ್ಬು, ಹಿಪ್ಪುನೇರಳೆ ಮೊದಲಾದ ಬೆಳೆಗಳ ಜೊತೆಗೆ ಕೈಗಾರಿಕೆಗಳೂ ನೆಲೆಗೊಂಡಿರುವುದು ವಾಚಕರಿಗೆ ತಿಳಿದ ವಿಷಯವೇ ಆಗಿದೆ. ಅಳಗಂಚಿಯಲ್ಲಿ ಸಕ್ಕರೆ ಕಾರ್ಖಾನೆಯುಂಟು. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಆಹಾರ ಪದಾರ್ಥಗಳನ್ನು ತಯಾರಿಸುವ ಕಾರ್ಖಾನೆಯುಂಟು. ನರಸೀಪುರದಲ್ಲಿ ರೇಷ್ಮೆ ನೂಲು ತೆಗೆಯುವ ಫಿಲೇಚರು ಉಂಟು. ಹಳ್ಳಿಗಳಲ್ಲಿ ಹಾಲಿನ ಸಹಕಾರ ಸಂಘಗಳೂ ಆಲೆಮನೆಗಳೂ ಇವೆ. ಇಂತಹ ಸ್ಥಳಗಳಿಗೆ ಕೊಳವೆಗಳನ್ನು ಕೊಳ್ಳುವಾಗ, "ಸ್ಟೇನ್‌ಲೆಸ್ ಸ್ಟೀಲ್ ಹಾಕಿಸಿದರೆ ಎಂದೆಂದಿಗೂ ತುಕ್ಕು ಹಿಡಿಯದು" ಎಂದು ವರ್ತಕರು ಹೇಳುವುದುಂಟು. ಈ ಮಾತು ಅರ್ಧ ಮಾತ್ರ ನಿಜ. ಸಂಘದ ಹಣವನ್ನಾಗಲಿ ಸ್ವಂತ ಹಣವನ್ನಾಗಲಿ ವೆಚ್ಚಮಾಡುವ ಯಜಮಾನರು ಇದರ ಗುಣದೋಷಗಳೆರಡನ್ನೂ ಅರಿತಿರುವುದು ಅವಶ್ಯಕ.

ಈ ಉಕ್ಕಿನ ಬಳಕೆಗೆ 1913ರಲ್ಲಿ ಇಂಗ್ಲೆಂಡಿನ ಷೆಫೀಲ್ಡಿನಲ್ಲಿ ಹ್ಯಾರಿ ಬ್ರೇರ್ಲಿ ಎಂಬವರು ದಾರಿ ತೋರಿದರು. ಕಬ್ಬಿಣದೊಡನೆ ನೂರಕ್ಕೆ ಹತ್ತೂವರೆ ಪಾಲಿಗೆ ಕಡಮೆಯಿಲ್ಲದಂತೆ ಕ್ರೋಮಿಯಂ ಲೋಹವನ್ನು ಬೆರೆಸಿದರೆ, ಅದರ ಮೈಮೇಲೆ ಕಣ್ಣಿಗೆ ಕಾಣದ ತೆಳುವಾದ ಪೊರೆಯೊಂದು ಉಂಟಾಗುತ್ತದೆ. ಗೀರು ಬಿದ್ದರೂ ಗಾಳಿಯ ಸಂಪರ್ಕದಿಂದ ಆ ಪೊರೆ ತಾನೇ ಮತ್ತೆ ಕೂಡಿಕೊಳ್ಳುವುದು. ಕ್ರೋಮಿಯಂ ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಇದರ ಅದಿರನ್ನು ಮೈಸೂರಿನ ಸಮೀಪದ ಸಿಂಧುವಳ್ಳಿಯಲ್ಲಿ ಹಿಂದೆ ಅಗೆದು ತೆಗೆಯುತ್ತಿದ್ದರು. ಹೆಚ್ಚಾಗಿ ಬಳಕೆಯಲ್ಲಿರುವ 304ನೆಯ ದರ್ಜೆಯಲ್ಲಿ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್ ಇರುತ್ತವೆ. 316ನೆಯ ದರ್ಜೆಯಲ್ಲಿ ಇವಲ್ಲದೆ 2ರಿಂದ 3 ಪಾಲು ಮಾಲಿಬ್ಡಿನಂ ಸೇರಿರುವುದು.

ಇನ್ನು ಅನುಕೂಲಗಳನ್ನು ವಿಚಾರಮಾಡೋಣ. ಹಾಲು ಹರಿಯುವ ಕೊಳವೆಯನ್ನು ದಿನವೂ ಬಿಸಿಯಾದ ಕಾಸ್ಟಿಕ್ ಸೋಡಾ ನೀರಿನಿಂದಲೂ, ಆಗಾಗ್ಗೆ ತೆಳುವಾದ ನೈಟ್ರಿಕ್ ಆಮ್ಲದಿಂದಲೂ ತೊಳೆಯಬೇಕಾಗುತ್ತದೆ. ಇವೆರಡನ್ನೂ ಈ ಉಕ್ಕು ತಾಳಬಲ್ಲದು. ಸತುವಿನ ಲೇಪವುಳ್ಳ ಕಬ್ಬಿಣದ ಕೊಳವೆ ತಾಳಲಾರದು. ಇದರ ಒಳಮೈ ನುಣುಪಾಗಿರುವುದರಿಂದ ಹಾಲಿನ ಜಿಡ್ಡು ಸುಲಭವಾಗಿ ಬಿಡುವುದು. ಕಬ್ಬಿನ ರಸದಲ್ಲಿ ಸ್ವಲ್ಪ ಹುಳಿಯ ಅಂಶವಿದ್ದು ಅದು ಕಬ್ಬಿಣವನ್ನು ತಿನ್ನುತ್ತದೆ. ಹಾಗೆ ಕರಗಿದ ಕಬ್ಬಿಣದಿಂದ ಬೆಲ್ಲದ ಬಣ್ಣ ಕಪ್ಪಾಗುವುದು. ರೇಷ್ಮೆಗೂಡು ಬೇಯಿಸುವ ನೀರಿನಲ್ಲಿ ತುಕ್ಕು ಸೇರಿದರೆ ನೂಲಿಗೆ ಕಲೆ ಹತ್ತುತ್ತದೆ. ಈ ಮೂರು ಕೆಲಸಗಳಲ್ಲಿ ಸರಕಿನ ಬೆಲೆಯು ಅದರ ನಿರ್ಮಲತೆಯನ್ನೇ ಅವಲಂಬಿಸಿರುವುದರಿಂದ ಕೊಳವೆಗೆ ಕೊಟ್ಟ ಹೆಚ್ಚಿನ ಹಣ ವ್ಯರ್ಥವಾಗದು. ಹಳೆಯದಾದ ಮೇಲೂ ಗುಜರಿಯಲ್ಲಿ ಇದಕ್ಕೆ ಒಳ್ಳೆಯ ಬೆಲೆಯುಂಟು.

ಅನನುಕೂಲಗಳೂ ಕಡಮೆಯೇನಲ್ಲ. ಮೊದಲನೆಯದು ಬೆಲೆ, ಇದು ಸಾಧಾರಣ ಕಬ್ಬಿಣಕ್ಕಿಂತ ಅನೇಕ ಪಾಲು ಹೆಚ್ಚು. ಎರಡನೆಯದು, ಉಪ್ಪಿನ ಅಂಶವು ಈ ಉಕ್ಕಿಗೆ ಶತ್ರು. ಉಪ್ಪುನೀರಾಗಲಿ, ಬ್ಲೀಚಿಂಗ್ ಪುಡಿಯ ನೀರಾಗಲಿ ಕೊಳವೆಯಲ್ಲಿ ನಿಂತರೆ ಮೇಲಿನ ಪೊರೆ ಅಲ್ಲಲ್ಲಿ ಒಡೆದು, ಸೂಜಿಯಿಂದ ಚುಚ್ಚಿದಂತೆ ರಂಧ್ರಗಳು ಬೀಳುವುವು. ನೀರು ಬಿಸಿಯಾಗಿದ್ದರೆ ಬಿರುಕೂ ಬಿಡಬಹುದು. ಕಟ್ಟಿದ ಗಸಿಯನ್ನು ಬಿಡಿಸಲು ಹೈಡ್ರೋಕ್ಲೋರಿಕ್ ಆಮ್ಲವನ್ನು ಎಂದಿಗೂ ಉಪಯೋಗಿಸಕೂಡದು. ಮೂರನೆಯದು, ಕಾದಾಗ ಇದು ಸಾಧಾರಣ ಉಕ್ಕಿಗಿಂತ ಹೆಚ್ಚಾಗಿ ಹಿಗ್ಗುತ್ತದೆ. 10 ಮೀಟರ್ ಉದ್ದದ ಕೊಳವೆಯ ಶಾಖ 70 ಡಿಗ್ರಿ ಏರಿದರೆ ಸಾಧಾರಣ ಉಕ್ಕು ಸುಮಾರು 8 ಮಿಲಿಮೀಟರ್ ಬೆಳೆದರೆ ಇದು 12 ಮಿಲಿಮೀಟರ್ ಬೆಳೆಯುವುದು. ಬಾಗುವಿಗೆ ಎಡೆಯಿಲ್ಲದಂತೆ ಎರಡು ತುದಿಗಳನ್ನೂ ಬಿಗಿದರೆ ಬೆಸುಗೆ ಸಡಿಲುವುದು. ನಾಲ್ಕನೆಯದು, ಬೆಸುಗೆಯ ಕೆಲಸಕ್ಕೆ ನುರಿತ ಕೈ ಬೇಕು. ಬೆಸುಗೆ ಹಾಕುವ ಕೊಳವೆಗೆ ಇಂಗಾಲ ಕಡಮೆಯಿರುವ 304 ಎಲ್ ದರ್ಜೆಯೇ ಲೇಸು. ಕಬ್ಬಿಣದ ತಂತಿಯ ಬ್ರಷ್ಷಿನಿಂದ ಉಜ್ಜಿದರೆ ಆ ಕಬ್ಬಿಣದ ಕಣಗಳು ಅಂಟಿಕೊಂಡು ಅಲ್ಲಿಂದಲೇ ತುಕ್ಕು ತೋರುವುದು.

ಕೊಳ್ಳುವಾಗ ಮೋಸಹೋಗದಿರುವುದೂ ಮುಖ್ಯ. ಅಯಸ್ಕಾಂತ ಹಿಡಿಯದಿದ್ದರೆ ಒಳ್ಳೆಯ ಉಕ್ಕೆಂಬ ನಂಬಿಕೆ ಜನರಲ್ಲಿದೆ. ನಿಕ್ಕಲ್ ಕಡಮೆಮಾಡಿ ಮ್ಯಾಂಗನೀಸ್ ಹೆಚ್ಚಿಸಿದ 200ರ ವರ್ಗದ ಅಗ್ಗದ ಉಕ್ಕನ್ನೂ ಅಯಸ್ಕಾಂತ ಸಾಧಾರಣವಾಗಿ ಹಿಡಿಯದು. ಆದರೆ ತುಕ್ಕನ್ನು ತಡೆಯುವ ಶಕ್ತಿ ಅದಕ್ಕೆ ಕಡಮೆ. ಆದಕಾರಣ ತಯಾರಕರ ಪರೀಕ್ಷಾಪತ್ರವನ್ನು ಕೇಳಿ ಪಡೆದು, ಅದರಲ್ಲಿರುವ ಸಂಖ್ಯೆಯೂ ಕೊಳವೆಯ ಮೇಲಿನ ಮುದ್ರೆಯೂ ಒಂದೇ ಆಗಿವೆಯೇ ಎಂದು ನೋಡತಕ್ಕದ್ದು.

ಗದ್ದೆ ತೋಟಗಳಿಗೆ ತಣ್ಣೀರು ಹಾಯಿಸಲು ಈ ದುಬಾರಿ ಕೊಳವೆ ಅನಾವಶ್ಯಕ, ಪಿ.ವಿ.ಸಿ. ಅಥವಾ ಎಚ್.ಡಿ.ಪಿ.ಇ. ಕೊಳವೆಗಳೇ ಸಾಕು. ಆದರೆ ಸಾಧಾರಣ ಪಿ.ವಿ.ಸಿ.ಯು 60 ಡಿಗ್ರಿಗೆ ಮೇಲ್ಪಟ್ಟ ಬಿಸಿಯನ್ನು ತಾಳದಾದುದರಿಂದ ಕುದಿಯುವ ರಸಕ್ಕೂ ಬಿಸಿನೀರಿಗೂ ಅದನ್ನು ಹಾಕಕೂಡದು. ಕೊಳವೆಯಲ್ಲಿ ಹರಿಯುವ ವಸ್ತು ಯಾವುದು, ಅದರ ಶಾಖವೆಷ್ಟು, ನೀರಿನಲ್ಲಿ ಉಪ್ಪಿನ ಅಂಶವೆಷ್ಟು, ತೊಳೆಯುವುದು ಯಾವುದರಿಂದ ಎಂಬ ನಾಲ್ಕು ಸಂಗತಿಗಳನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು. ಬಳಿಕ ದರ್ಜೆ, ದಪ್ಪ ಮತ್ತು ಬೆಸುಗೆಯ ಕ್ರಮಗಳನ್ನು ಬೇಡಿಕೆಯ ಪತ್ರದಲ್ಲಿ ಸ್ಪಷ್ಟವಾಗಿ ಬರೆಯಿಸಿ, ಪರೀಕ್ಷಾಪತ್ರವನ್ನು ಸಂಘದ ಕಡತದಲ್ಲಿ ಜೋಪಾನವಾಗಿ ಇಡಿಸಬೇಕೆಂದು ಗ್ರಾಮದ ಮುಖಂಡರಲ್ಲಿಯೂ ಜಮೀನುದಾರರಲ್ಲಿಯೂ ವಿಜ್ಞಾಪಿಸುತ್ತೇವೆ.