ದನಿ ಉಳಿಸದೆ ಹೋದ ಹುಲಿ, ಹಾಡು ಮರೆತ ಹಕ್ಕಿ

1933ರಲ್ಲಿ ಟ್ಯಾಸ್ಮೇನಿಯಾದ ಹೋಬಾರ್ಟ್ ಮೃಗಾಲಯದಲ್ಲಿ ಪ್ರಾಣಿತಜ್ಞ ಡೇವಿಡ್ ಫ್ಲೇ ಬೋನಿನೊಳಗೇ ನಿಂತು ಥೈಲಸೀನ್ ಒಂದನ್ನು ಚಿತ್ರೀಕರಿಸಿದರು. ಬೆನ್ನಿನ ಹಿಂಭಾಗದ ತುಂಬ ಪಟ್ಟೆ, ಬುಡದಲ್ಲಿ ದಪ್ಪಗಿರುವ ಬಿರುಸು ಬಾಲ, ಆಕಳಿಸಿದರೆ ಕಿವಿಯವರೆಗೂ ತೆರೆದುಕೊಳ್ಳುವ ಬಾಯಿ. ನೋಡಲು ನಾಯಿ, ಕರೆಯುವುದು ಟ್ಯಾಸ್ಮೇನಿಯಾದ ಹುಲಿ ಎಂದು. ವಂಶ ಮಾತ್ರ ಕಾಂಗರೂ ಕಡೆಯದು, ಮರಿಯನ್ನು ಹೊಟ್ಟೆಚೀಲದಲ್ಲಿ ಬೆಳೆಸುವ ಸ್ತನಿ. ಕ್ಯಾಮೆರಾದಲ್ಲಿ ಮುಳುಗಿದ್ದ ಫ್ಲೇ ಅವರ ಪೃಷ್ಠಕ್ಕೆ ಅದು ಬಾಯಿ ಹಾಕಿಯೇಬಿಟ್ಟಿತು. ಆಗ ಅದು ಗುರುಗುಟ್ಟಿದ್ದರೂ ನಮಗೆ ಕೇಳುವಂತಿಲ್ಲ. ಫಿಲಂ ಮೂಕಿ.

ಕುರಿ ಸಾಕುವವರ ಒತ್ತಡಕ್ಕೆ ಮಣಿದು ಸರ್ಕಾರ 1888ರಿಂದ 1909ರವರೆಗೆ ಬೆಳೆದ ಥೈಲಸೀನಿನ ತಲೆಗೊಂದು ಪೌಂಡ್ ಇನಾಮು ಕೊಟ್ಟಿತು. ಸಂದಾಯವಾದ ಇನಾಮುಗಳು 2,184. ಕಾನೂನಿನ ರಕ್ಷಣೆ ಸಿಕ್ಕಿದ್ದು 1936ರ ಜುಲೈ 10ರಂದು, ಮೃಗಾಲಯದ ಕೊನೆಯ ಥೈಲಸೀನ್ ಸತ್ತದ್ದು ಸೆಪ್ಟೆಂಬರ್ 7ರಂದು. ಆಮೇಲೆ 2017ರಲ್ಲಿ ಮೆಲ್ಬರ್ನಿನ ವಿಜ್ಞಾನಿಗಳು 1909ರಿಂದ ಆಲ್ಕೋಹಾಲಿನಲ್ಲಿದ್ದ ಮರಿಯೊಂದರಿಂದ ಇಡೀ ಜೀನೋಮನ್ನೇ ಓದಿದರು. ಚರ್ಮ, ಎಲುಬು, ಜೀನು, ಚಿತ್ರ ಎಲ್ಲವೂ ಇದೆ, ದನಿಯೊಂದು ಮುದ್ರಣವಾಗಿಲ್ಲ.

ಆಗ್ನೇಯ ಆಸ್ಟ್ರೇಲಿಯಾದ ರೀಜೆಂಟ್ ಹನಿಈಟರ್ ಹಕ್ಕಿಯ ಕಥೆ ಇದಕ್ಕೆ ತಿರುಗುಮುರುಗು. ಹಕ್ಕಿ ಇನ್ನೂ ಬದುಕಿದೆ, ಹಾಡು ಕೈತಪ್ಪುತ್ತಿದೆ. ಹೆಚ್ಚುಕಡಿಮೆ ಮೈನಾದಷ್ಟು ದೊಡ್ಡದು. ಕಪ್ಪು ತಲೆ, ರೆಕ್ಕೆಯಲ್ಲಿ ಹಳದಿ, ಕಣ್ಣಿನ ಸುತ್ತ ಗಂಟುಗಂಟಾದ ಬೋಳು ಚರ್ಮ. ಇದರ ಮುಖ್ಯ ಊಟ ನೀಲಗಿರಿ ಜಾತಿಯ ಮರಗಳ ಮಕರಂದ. (ನಮ್ಮಲ್ಲಿ ಅಂತರ್ಜಲ ಹೀರುತ್ತದೆಂದು ಬೈಸಿಕೊಳ್ಳುವ ನೀಲಗಿರಿಗೆ ಅಲ್ಲಿ ಇಂಥ ನೆಂಟರಿದ್ದಾರೆ.) ಆ ಕಾಡುಗಳನ್ನು ಹೊಲ, ಹುಲ್ಲುಗಾವಲುಗಳಿಗಾಗಿ ಕಡಿದ ಮೇಲೆ, ಸಾವಿರಗಟ್ಟಲೆ ಗುಂಪುಗೂಡುತ್ತಿದ್ದ ಹಕ್ಕಿ ಕೆಲವೇ ನೂರಕ್ಕೆ ಇಳಿಯಿತು.

ಹಾಡು ಇದಕ್ಕೆ ಹುಟ್ಟಿನಿಂದ ಬರುವುದಿಲ್ಲ. ಗೂಡಿನಲ್ಲಿ ಮರಿಗಳಿರುವಾಗ ಶತ್ರುಗಳ ಕಣ್ಣಿಗೆ ಬೀಳಬಾರದೆಂದು ಅಪ್ಪ ಬಾಯಿ ಬಿಡುವುದೇ ಕಡಿಮೆ. ಹೊರಬಂದ ಮರಿ ಸುತ್ತಲಿನ ಹಿರಿಯ ಗಂಡುಗಳಿಂದ ಕೇಳಿ ಕಲಿಯಬೇಕು. ಹಿರಿಯರೇ ಇಲ್ಲದಿದ್ದರೆ? ಪಕ್ಕದ ಕೊಂಬೆಯಲ್ಲಿ ಯಾರಿದ್ದಾರೋ ಅವರೇ ಗುರು. ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಗಂಡುಗಳಲ್ಲಿ ಸುಮಾರು ಶೇ. 12ರಷ್ಟು ಫ್ರಯರ್‌ಬರ್ಡ್, ಕರವಾಂಗ್ ಮುಂತಾದ ಬೇರೆ ಹಕ್ಕಿಗಳ ಹಾಡನ್ನೇ ಹಾಡುತ್ತಿದ್ದವು. ಅಂಥ ಗಂಡಿಗೆ ಜೋಡಿ ಸಿಕ್ಕುವುದೂ ಕಷ್ಟ, ಸಿಕ್ಕರೂ ಗೂಡು ಕಟ್ಟುವವರೆಗೆ ವ್ಯವಹಾರ ಮುಟ್ಟುವುದು ಇನ್ನೂ ಕಷ್ಟ.

ಸಿಡ್ನಿಯ ಟರೋಂಗಾ ಮೃಗಾಲಯ 1995ರಿಂದ ಈ ಹಕ್ಕಿಯನ್ನು ಸಾಕಿ, ಮರಿ ಮಾಡಿಸಿ ಕಾಡಿಗೆ ಬಿಡುತ್ತಿದೆ. ಅಲ್ಲಿ ಬೆಳೆದವುಗಳ ಹಾಡು ಇನ್ನೊಂದೇ ರೀತಿಯದಾಗಿತ್ತು. ಹಾಗಾಗಿ ಈಗ ಮರಿಗಳಿಗೆ ಕಾಡಿನ ಹಾಡಿನ ಮುದ್ರಿಕೆ ಕೇಳಿಸುತ್ತಾರೆ. ಅದರ ಜೊತೆಗೆ ಕಾಡಿನಲ್ಲೇ ಹುಟ್ಟಿದ ಗಂಡುಗಳನ್ನು ತಂದು ಪಾಠಕ್ಕೆ ಕೂರಿಸುತ್ತಾರೆ.